ಪಟ್ಟಿಯಲ್ಲಿಲ್ಲದ ಬಂದೂಕು

ಜೂನ್ ೯, ಮಂಗಳವಾರ

ಪುಟ್ಟಿಗೆ,

ಈ ಭೂಮಿಯ ಮೇಲೆ ಬಂದೂಕು ಹಿಡಿದವರಲ್ಲಿ ಒಂದು ಸಲವೂ ಗುರಿ ತಪ್ಪದವನು ನಾನೊಬ್ಬನೇ ಎಂಬುದು ನಿನಗೆ ಗೊತ್ತಿರುವ ವಿಷಯ. ಒಂದೇ ಈಡಿಗೆ ಎರಡು ಹಂದಿ, ಒಂದು ಮೊಲ ಉರುಳಿಸಿ, ಉಳಿದ ಗುಂಡಿನಲ್ಲಿ ಮರದ ಮೇಲಿನ ಜೇನುಗೂಡನ್ನೂ ಇಳಿಸಿದವನು. ಇಂಥ ಈಡುಗಾರ ಈಗ ಸ್ವಂತ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಹಾಲಿಗೆ ಹೋಗಿಬರುತ್ತಿದ್ದಾನೆ. ಏನಾಯಿತು ಅಂತ ಹೇಳುತ್ತೇನೆ, ಕೂತುಕೊಂಡು ಓದು.

ನಮ್ಮ ಜಿಲ್ಲೆಯ ವಾರಪತ್ರಿಕೆಯವರಿಗೆ ಏನು ಬುದ್ಧಿ ಬಂತೋ ಕಾಣೆ. ಬಂದೂಕಿನ ಲೈಸೆನ್ಸ್ ಇರುವವರ ಹೆಸರು, ತಂದೆಯ ಹೆಸರು, ಬೀದಿ, ಬಾಗಿಲ ನಂಬರು ಎಲ್ಲವನ್ನೂ ಸರ್ಕಾರಿ ಕಚೇರಿಯಿಂದ ಕೇಳಿ ಪಡೆದು ಅಚ್ಚು ಹಾಕತೊಡಗಿದ್ದಾರೆ. 'ಪಕ್ಕದ ಮನೆಯಲ್ಲಿ ಏನಿದೆ ಎಂದು ತಿಳಿಯುವುದು ನಿಮ್ಮ ಹಕ್ಕು' ಅಂತ ತಲೆಬರಹ. ವಾರಕ್ಕೊಂದು ಊರು, ಅಕ್ಷರಮಾಲೆಯ ಕ್ರಮದಲ್ಲಿ. ನಮ್ಮೂರಿನ ಹೆಸರು ಅಕ್ಷರಮಾಲೆಯ ಬಾಗಿಲಲ್ಲೇ ಕೂತಿರುವುದರಿಂದ ಮೊದಲ ವಾರವೇ ನಮ್ಮದು ಬಂತು. ಅದರಲ್ಲಿ ಅಕ್ಕಸಾಲಿಗ ಇದ್ದಾನೆ, ಬ್ಯಾಂಕಿನ ಕಾವಲಿನವನಿದ್ದಾನೆ, ಕಣ್ಣು ಸರಿಯಾಗಿ ಕಾಣದ ಪೋಸ್ಟ್ ಮಾಸ್ತರರ ಹೆಂಡತಿಯೂ ಇದ್ದಾಳೆ. ನಾನಿಲ್ಲ.

ಕ್ಷೌರದ ಅಂಗಡಿಯವನು ನನ್ನನ್ನು ಕಂಡದ್ದೇ ತಡ, ಬ್ರಷ್ಷನ್ನು ಗಿರಾಕಿಯ ಕೆನ್ನೆಯ ಮೇಲೇ ಬಿಟ್ಟು ಹೊರಗೆ ಬಂದ.

"ಏನ್ ಈಡುಗಾರ್ರೇ, ನಿಮ್ಮ ಹೆಸರು ಎಲ್ಲಿ ಓಡಿಹೋಯ್ತು?"

"ದೊಡ್ಡೋರ ಹೆಸರು ಪಟ್ಟೀಲಿ ಬರಲ್ಲ ಕಣಯ್ಯಾ. ಬಂದ್ರೆ ಪಟ್ಟಿಗೇ ಅವಮಾನ."

ಊರು ನಕ್ಕು ಸುಮ್ಮನಾಗಿದ್ದರೆ ಸರಿಯಿತ್ತು. ಮಾರನೇ ದಿನ ಠಾಣೆಯ ದಫೇದಾರ ನಮ್ಮ ಬೀಗದ ಅಂಗಡಿಗೇ ಬಂದ. ನಾನು ಬೀಗ ಬಿಚ್ಚಿಕೊಂಡು ಕೂತಿದ್ದೆ.

"ಬಂದೂಕು ಇದ್ರೆ ಲೈಸೆನ್ಸ್ ತೋರ್ಸು. ಲೈಸೆನ್ಸ್ ಇಲ್ದಿದ್ರೆ ಬಂದೂಕು ಕೊಡು. ಎರಡೂ ಇಲ್ದಿದ್ರೆ ಇಷ್ಟು ವರ್ಷ ಊರಿಗೆಲ್ಲಾ ಹೇಳ್ಕೊಂಡು ತಿರುಗಿದ್ದೇನು?"

"ರಿಪೇರಿಗೆ ಕೊಟ್ಟಿದ್ದೀನಿ ಸ್ವಾಮಿ."

"ಯಾರಿಗೆ? ಈ ಊರಲ್ಲಿ ಕಬ್ಬಿಣ ರಿಪೇರಿ ಮಾಡೋನು ನೀನೊಬ್ಬನೇ ಅಲ್ವೇನಯ್ಯಾ?"

ಮಂಚದ ಕೆಳಗೆ, ಅಟ್ಟದ ಮೇಲೆ, ಕೀಲಿಕೈಗಳ ಪೆಟ್ಟಿಗೆಯೊಳಗೆ ಎಲ್ಲಾ ಹುಡುಕಿ ಕೊನೆಗೆ ನನ್ನ ಕರೀ ಕೊಡೆಯನ್ನು ಎತ್ತಿ ಹಿಡಿದು, "ಇದೇನಾ ಆ ಹಂದಿ ಹೊಡೆದಿದ್ದು?" ಅಂದ. ನನ್ನ ಸ್ಥಿತಿ ನೋಡು. ಇದೆ ಅಂದರೆ ಲಾಕಪ್ಪು. ಇಲ್ಲ ಅಂದರೆ, ಇಲ್ಲ ಅಂತ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದದ್ದು ಅವನಿಗೂ ಗೊತ್ತಾಗುತ್ತದೆ.

ಅವನನ್ನು ನಿನ್ನ ಗಂಡ ಅಂತ ಬರೆಯಲು ನನಗೆ ಕೈ ಬರುವುದಿಲ್ಲ, ಲಾರಿ ಅಂತಲೇ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಅವನು ನಿನ್ನನ್ನು ಎಳೆದುಕೊಂಡು ಹೋಗಲು ಸಲಾಕೆ ಹಿಡಿದು ನಮ್ಮ ಬಾಗಿಲು ಒದ್ದಾಗ, ನಾನು ಒಳಗಿಂದ ಬಂದೂಕಿನ ಕುದುರೆ ಎಳೆದ ಸದ್ದು ಕೇಳಿಸಿ, "ತುಂಬಿಸಿ ಇಟ್ಟಿದ್ದೀನಿ, ಹೊಸ್ತಿಲು ದಾಟು ನೋಡೋಣ" ಅಂದದ್ದು ನಿನಗೆ ನೆನಪಿರಬೇಕು. ಅಂದಿನಿಂದ ಅವನ ಲಾರಿ ನಮ್ಮ ಬೀದಿಗೆ ಬಂದಿಲ್ಲ. ಜಲ್ಲಿ ತುಂಬಿದ್ದರೂ ಕಾಲುವೆ ಕಡೆಯಿಂದ ಸುತ್ತಿ ಹೋಗುತ್ತಿದ್ದ. ಮೊನ್ನೆ ಭಾನುವಾರ ನಮ್ಮ ಬೀದಿಯಲ್ಲೇ ಬಂದ. ಅಂಗಡಿಯ ಮುಂದೆ ನಿಧಾನ ಮಾಡಿ ಎರಡು ಸಲ ಹಾರನ್ ಹೊಡೆದು ಹೋದ.

ನೀನು ಹೆದರಬೇಡ. ನೀನು ಯಾವ ಊರಿನಲ್ಲಿದ್ದೀಯ ಎಂದು ಅವನಿಗೆ ಗೊತ್ತಿಲ್ಲ. ಯಾವ ಮನೆಯಲ್ಲಿ ಎಂದು ನನಗೇ ಗೊತ್ತಿಲ್ಲ. ಹಿಂದಿನ ಸಲ ಅಂಗಡಿಯ ಫೋನಿನಿಂದಲೇ ಅವನು ನಿನ್ನ ಜಾಡು ಹಿಡಿದದ್ದರಿಂದ ಫೋನು ಬೇಡ ಅಂದವಳು ನೀನು. ಈ ಕಾಗದವನ್ನೂ ಎಂದಿನಂತೆ ನೀನು ಕೆಲಸ ಮಾಡುವ ಹಲ್ಲುಸೆಟ್ಟಿನ ಕಾರ್ಖಾನೆಯ ಯಜಮಾನರ ಹೆಸರಿಗೇ ಹಾಕುತ್ತಿದ್ದೇನೆ.

ಗುರಿ ತಪ್ಪದ,
ಈಡುಗಾರ ಮಾವ


ಜೂನ್ ೨೦

ಮಾವ,

ಕಾಗದ ಸಿಕ್ಕಿತು. ಕೊಡೆಯ ಭಾಗ ಓದಿ ನಕ್ಕೆ. ಉಳಿದದ್ದು ಓದಿ ನಗಲು ಆಗಲಿಲ್ಲ.

ನಾನೊಂದು ವಿಷಯ ನಿನಗೆ ಹೇಳಿರಲಿಲ್ಲ. ನಿನ್ನ ಹತ್ತಿರ ಬಂದೂಕಿಲ್ಲ ಎಂದು ನನಗೆ ಅಂದೇ ಗೊತ್ತಿತ್ತು. ಕುದುರೆ ಎಳೆದ ಸದ್ದಲ್ಲ ಅದು, ನಿನ್ನ ದೊಡ್ಡ ಬೀಗ ಮುಚ್ಚಿದ ಸದ್ದು. ನಾನು ಬೀಗದ ಅಂಗಡಿಯಲ್ಲಿ ಬೆಳೆದವಳು ಮಾವ, ನನಗೆ ಆ ಸದ್ದು ಗೊತ್ತಾಗದೆ ಇರುತ್ತದೆಯೇ? ಅವನಿಗೆ ಗೊತ್ತಾಗಲಿಲ್ಲ, ಅದೇ ನಮ್ಮ ಪುಣ್ಯ.

ಆದ್ದರಿಂದ ಕಳೆದ ವರ್ಷ ನಾನೇ ಒಂದು ತೆಗೆದುಕೊಂಡೆ. ನಿಜವಾದದ್ದು. ಚಿಕ್ಕದು. ಲೈಸೆನ್ಸ್ ಕಚೇರಿಯಲ್ಲಿ ಯಾಕೆ ಬೇಕು ಅಂತ ಕೇಳಿದರು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದಾಗಲೇ ಎಲ್ಲವನ್ನೂ ಹೇಳಿದೆ. ಪಕ್ಕೆಲುಬಿನ ಎಕ್ಸ್-ರೇ ತೋರಿಸಿದೆ. ಗುಮಾಸ್ತ ಒಳ್ಳೆಯವರು, ಕುರ್ಚಿ ಕೊಟ್ಟರು. ನಾನು ಹೇಳಿದ ಕಾರಣವನ್ನು ಈಗ ಪತ್ರಿಕೆಯವರು ಹಾಕುವುದಿಲ್ಲ. ವಿಳಾಸ ಮಾತ್ರ ಹಾಕುತ್ತಾರೆ.

ನಾನಿರುವ ಊರಿನ ಸರದಿ ಆಗಸ್ಟ್ ಮೊದಲ ಶನಿವಾರ. ಎಣಿಸಿ ನೋಡಿದೆ. ನನ್ನ ಹೆಸರು ಬಿಟ್ಟುಬಿಡಿ ಎಂದು ಪತ್ರಿಕೆಗೆ ಬರೆದೆ, ಉತ್ತರವಿಲ್ಲ. ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು ಮತ್ತೆ ಕುರ್ಚಿ ಕೊಟ್ಟರು. "ನ್ಯಾಯಾಧೀಶರದ್ದು, ಪೊಲೀಸರದ್ದು ಬಿಟ್ಟು ಉಳಿದ ಎಲ್ಲಾ ಹೆಸರೂ ಸಾರ್ವಜನಿಕ ದಾಖಲೆ ತಾಯಿ. ಯಾರು ಕೇಳಿದ್ರೂ ಕೊಡಲೇಬೇಕು" ಅಂದರು. ಇವತ್ತೇ ಬಂದೂಕು ತಂದು ಒಪ್ಪಿಸಿದರೆ ಹೆಸರು ತೆಗೆಯುತ್ತೀರಾ ಎಂದು ಕೇಳಿದೆ. ಪತ್ರಿಕೆಯವರು ಪಟ್ಟಿ ತೆಗೆದುಕೊಂಡು ಹೋಗಿ ಆಯಿತಂತೆ. ಇನ್ನು ತೆಗೆದರೂ ಅದು ಅವರ ಬಳಿ ಇರುವ ಪಟ್ಟಿಯಿಂದ ಹೋಗುವುದಿಲ್ಲ.

ನೀನು ಏನೂ ಮಾಡಬೇಡ. ಸುಮ್ಮನೆ ಹೇಳಿದೆ, ಅಷ್ಟೆ.

ನಿನ್ನ ಪುಟ್ಟಿ


ಜುಲೈ ೨, ಗುರುವಾರ

ಪುಟ್ಟಿಗೆ,

ಬೀಗದ ಸದ್ದಂತೆ! ಅದು ಏಳು ಲಿವರಿನ ಬೀಗ ಕಣೇ. ಖಜಾನೆಗೆ ಹಾಕುವಂಥದ್ದು. ಅದರ ಸದ್ದಿಗೆ ಬಂದೂಕೇ ನಾಚಬೇಕು. ಇರಲಿ ಬಿಡು. ಮೂರು ವರ್ಷ ನನ್ನ ಹಂದಿ ಬೇಟೆಯ ಕಥೆಗಳನ್ನೆಲ್ಲಾ ಕಾಗದದಲ್ಲಿ ಓದಿ 'ಆಮೇಲೆ ಏನಾಯಿತು ಮಾವ' ಎಂದು ಬರೆಯುತ್ತಿದ್ದೆಯಲ್ಲ, ಅದನ್ನು ನೆನೆಸಿಕೊಂಡು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನನ್ನ ಬಾಯಿಗೆ ಎರಡು ದಿನ ರಜೆ ಅಂದರೆ ಬೀದಿಯವರು ವೈದ್ಯರನ್ನು ಕರೆಸುವುದರಲ್ಲಿದ್ದರು.

ಏನೂ ಮಾಡಬೇಡ ಅಂದೆ. ಮಾಡದೆ ಇರುವವನಾ ನಾನು? ಒಗೆದ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಪತ್ರಿಕೆಯ ಕಚೇರಿಗೇ ಹೋದೆ. ಮಹಡಿಯ ಮೇಲೆ ಉದ್ದನೆಯ ಒಂದು ಕೋಣೆ. ಎಲ್ಲರೂ ಒಂದೇ ಮೇಜಿನ ಸುತ್ತ. ಸಂಪಾದಕ ನನಗಿಂತ ಚಿಕ್ಕವನು, ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡಿದ್ದ.

"ಏನಾಗಬೇಕಿತ್ತು?"

"ನಮ್ಮೂರ ಪಟ್ಟೀಲಿ ನನ್ನ ಹೆಸರು ಬಿಟ್ಟಿದ್ದೀರಿ. ಹಾಕಬೇಕು."

"ಬರೋರೆಲ್ಲಾ ತೆಗೀರಿ ಅಂತಾರೆ, ನೀವು ಹಾಕಿ ಅಂತಿದ್ದೀರಲ್ಲ! ಲೈಸೆನ್ಸ್ ನಂಬರ್ ಹೇಳಿ."

"ನಂಬರ್ ನೆನಪಿಡೋ ವಯಸ್ಸಾ ಇದು? ಒಂದು ಕೆಲಸ ಮಾಡೋಣ. ಇನ್ನೊಂದು ಊರಿನ ಪಟ್ಟೀಲಿ ಒಂದು ಹೆಸರು ತೆಗ್ದು ಆ ಜಾಗಕ್ಕೆ ನನ್ನದು ಹಾಕಿಬಿಡಿ. ಸಾಲೂ ಹಾಳಾಗಲ್ಲ, ಲೆಕ್ಕಾನೂ ತಪ್ಪಲ್ಲ."

"ಇದೇನ್ರೀ ಬಸ್ಸಿನ ಸೀಟಾ, ಒಬ್ರು ಎದ್ದ ಜಾಗದಲ್ಲಿ ಇನ್ನೊಬ್ರು ಕೂತ್ಕೊಳ್ಳೋಕೆ?"

ಕೋಣೆಯೆಲ್ಲಾ ನಕ್ಕಿತು. ನಾನೂ ನಕ್ಕೆ. ಆಮೇಲೆ ನಗು ಬಿಟ್ಟು, ನಿನ್ನ ಹೆಸರು ಹೇಳದೆ, ಒಬ್ಬ ಹೆಣ್ಣುಮಗಳು ಇದ್ದಾಳೆ ಸ್ವಾಮಿ, ಅವಳನ್ನು ಹುಡುಕುವ ಒಬ್ಬ ಇದ್ದಾನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೆಟ್ಟವನೇನಲ್ಲ ಪುಟ್ಟಿ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಎರಡು ಬೈದಾದರೂ ಬರುತ್ತಿದ್ದೆ.

"ನಮ್ಮಕ್ಕನ ಮಗು ಪಕ್ಕದ ಮನೇಲಿ ಆಡ್ತಾ ಇತ್ತು," ಅಂದ. "ಕಪಾಟಿನಲ್ಲಿ ಬಂದೂಕಿತ್ತು. ಆ ಮನೇಲಿ ಅಂಥದ್ದು ಇದೆ ಅಂತ ಬೀದೀಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಅಕ್ಕ ಕಳಿಸ್ತಿದ್ಲಾ ಹೇಳಿ?"

ದಾರ ಸುತ್ತಿದ ಆ ಕನ್ನಡಕವನ್ನು ಎತ್ತಿ ಅವನ ಕೈಗೇ ಕೊಟ್ಟೆ. 

ಅದನ್ನು ಹಾಕಿಕೊಂಡು ಅವನೇ ಹೇಳಿದ: "ಒಬ್ಬರದು ಬಿಟ್ರೆ ನಾಳೆ ಮೆಟ್ಟಿಲ ತನಕ ಸಾಲು ನಿಲ್ಲುತ್ತೆ. ಆದ್ರೂ ಹೆಸರು ಹೇಳಿ, ನೋಡೋಣ."

ಬಾಯಿ ತೆರೆದೆ. ಮೇಜಿನ ಸುತ್ತ ಆರೇಳು ಜನ ಪೆನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬ ನಮ್ಮೂರ ಕಡೆಯ ಜಾಹೀರಾತಿನವನು, ಲಾರಿಯ ಜಲ್ಲಿ ವ್ಯಾಪಾರದ ಜಾಹೀರಾತು ಬರೆದುಕೊಂಡು ಹೋಗುವವನು. ನಿನ್ನ ಹೆಸರನ್ನು ಬಿಡಿಸಬೇಕಾದರೆ ಮೊದಲು ಅವನ ಎದುರಿಗೆ ನಿನ್ನ ಹೆಸರನ್ನು ಹೇಳಬೇಕು. ಬಾಯಿ ಮುಚ್ಚಿಕೊಂಡು ಇಳಿದು ಬಂದೆ.

ಚೀಟಿಯಲ್ಲಿ ಬರೆದು ಕೊಡಬಹುದಿತ್ತಲ್ಲ ಎಂದು ಬಸ್ಸಿನಲ್ಲಿ ಹೊಳೆಯಿತು. ಬರೆದು ಕಾಗದವನ್ನೂ ಹಾಕಿದ್ದೇನೆ. ಉತ್ತರ ಬಂದಿಲ್ಲ.

ಯೋಚನೆ ಮಾಡಬೇಡ. ನನ್ನ ಹತ್ತಿರ ಇನ್ನೂ ಹನ್ನೆರಡು ಉಪಾಯಗಳಿವೆ.

ಇಂತಿ ನಿನ್ನ,
ಬೀಗದ ಸದ್ದಿನ ಮಾವ


ಜುಲೈ ೧೫

ಮಾವ,

ನೀನು ಹೋಗಿ ಬಂದದ್ದಕ್ಕೆ ಕೋಪವಿಲ್ಲ. ಸಂಪಾದಕರಿಂದ ನನಗೆ ಕಾಗದ ಬಂತು, ಕೋರ್ಟಿನ ಆದೇಶ ತಂದರೆ ಬಿಡುತ್ತಾರಂತೆ. ವಕೀಲರನ್ನು ಕೇಳಿದೆ. ಬೇಗ ಅಂದರೂ ಸೆಪ್ಟೆಂಬರ್ ಅಂದರು.

ಮನೆ ಬದಲಾಯಿಸು ಎಂದು ನೀನು ಹೇಳುತ್ತೀಯ, ಗೊತ್ತು. ಬಂದೂಕಿರುವವರು ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ಕಚೇರಿಯಲ್ಲಿ ಬರೆಸಬೇಕು. ಬರೆಸಿದರೆ ಅದೂ ಸಾರ್ವಜನಿಕ ದಾಖಲೆ. ಬರೆಸದಿದ್ದರೆ ಅಪರಾಧ. ಬಂದೂಕು ಇಟ್ಟುಕೊಂಡರೆ ಅಡಗುವ ಹಾಗಿಲ್ಲ. ಅಡಗಬೇಕಾದರೆ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನು ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಇಷ್ಟೇ.

ಮನೆಯೊಡತಿ ಕೆಳಗಡೆಯೇ ಇರುತ್ತಾರೆ. ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನಗೆ ಟೀ ಸುರಿದು ಕೊಡುತ್ತಾ, "ನಮ್ಮೂರಿಂದು ಬರಲಿ ನೋಡಮ್ಮಾ. ಮೊಮ್ಮಕ್ಕಳು ಓಡಾಡೋ ಮನೆ ಇದು. ನನ್ನ ಬಾಡಿಗೆಯವರಲ್ಲಿ ಯಾರಾದ್ರೂ ಅಂಥವರಿದ್ರೆ ಅವತ್ತೇ ಸಾಮಾನು ಬೀದಿಗೆ" ಅಂದರು. ನಾನು "ಹೌದಮ್ಮಾ, ಬೇಕಾದದ್ದೇ" ಅಂದೆ. ಟೀ ಚೆನ್ನಾಗಿತ್ತು.

ಕೋಣೆಗೆ ಬೀದಿಯ ಕಡೆ ಒಂದೇ ಬಾಗಿಲು, ಹಿಂದುಗಡೆ ಒಂದೇ ಕಿಟಕಿ. ಕೆಳಗೆ ಟೈರು ಅಂಗಡಿ. ನೀನು ಕಳಿಸಿದ ಚಿಲಕವನ್ನೇ ಹಾಕಿದ್ದೇನೆ. ಊಟಕ್ಕೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತೇನೆ. ಬಂದೂಕು ಕಾರ್ಖಾನೆಯಿಂದ ತಂದ ಪ್ಲಾಸ್ಟರಿನ ಖಾಲಿ ಡಬ್ಬಿಯಲ್ಲಿದೆ. ಅದನ್ನು ತಂದ ದಿನ ನಿದ್ದೆ ಬಂದಿತ್ತು. ಈಗ ಆ ಡಬ್ಬಿಯಿಂದಲೇ ನಿದ್ದೆ ಬರುವುದಿಲ್ಲ.

ಕೆಲಸದಲ್ಲಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರ ಕೆಳದವಡೆ ಕೂರಿಸುತ್ತಿದ್ದೇನೆ. ಮೇಣದಲ್ಲಿ ಹಲ್ಲು ಜೋಡಿಸುವಾಗ ಮೊನ್ನೆ ಒಂದನ್ನು ಹಿಂದುಮುಂದಾಗಿ ಇಟ್ಟೆ. ಯಜಮಾನರೇ ಸರಿಮಾಡಿದರು. ಅವರಿಗೆ ಎಲ್ಲಾ ಹೇಳಿದ್ದೇನೆ.

ಮಾವ, ನಿನ್ನ ಹನ್ನೆರಡು ಉಪಾಯಗಳಲ್ಲಿ ಯಾವುದನ್ನೂ ಮಾಡಬೇಡ. ನಿಮ್ಮೂರಿನಲ್ಲಿ ಇನ್ನೊಂದು ಊರಿನ ಪಟ್ಟಿಯನ್ನು ಯಾರು ಓದುತ್ತಾರೆ? ಯಾರೂ ಓದದೆ ಇರಬಹುದು. ಅದೊಂದನ್ನೇ ನಂಬಿದ್ದೇನೆ.

ನಿನ್ನ ಪುಟ್ಟಿ


ಆಗಸ್ಟ್ ೧, ಶನಿವಾರ ಸಂಜೆ

ಪುಟ್ಟಿಗೆ,

ಗೆದ್ದೆವು! ಇಡೀ ಜಿಲ್ಲೆಯಲ್ಲಿ ಒಂದು ಪತ್ರಿಕೆಯನ್ನು ಅದು ಹುಟ್ಟಿದ ದಿನವೇ ಮಣ್ಣು ಮಾಡಿದ ಮನುಷ್ಯ ಯಾರು ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ನನ್ನ ಕಡೆ ಕೈ ತೋರಿಸು.

ಬೆಳಗಿನ ಮೊದಲ ಬಸ್ಸಿಗೆ ಪತ್ರಿಕೆಯ ಕಟ್ಟುಗಳು ಬರುತ್ತವೆ. ನಾನು ಅದಕ್ಕೂ ಮೊದಲೇ ಹೋಗಿ ಬಸ್ ನಿಲ್ದಾಣದ ಪೇಪರ್ ಅಂಗಡಿಯ ಹಲಗೆಯ ಮೇಲೆ ಕೂತಿದ್ದೆ. ಏಜೆಂಟನಿಗೆ ಆಶ್ಚರ್ಯ.

"ಏನ್ ಈಡುಗಾರ್ರೇ, ಇಷ್ಟು ಬೇಗ? ಹಂದಿ ಬಸ್ಸಲ್ಲಿ ಬರ್ತಿದ್ಯಾ?"

"ಇವತ್ತಿನ ಪೇಪರ್ ಎಷ್ಟಿದೆಯೋ ಅಷ್ಟೂ ನನಗೆ."

"ಅಷ್ಟೂನಾ? ಏನ್ ಮಾಡ್ತೀರಿ?"

"ಕಿಟಕಿಗೆ ಅಂಟಿಸ್ತೀನಿ, ಅಂಗಡಿಗೆ ಹಾಸ್ತೀನಿ, ನಿನಗ್ಯಾಕೆ? ಎಣಿಸಿ ಕೊಡು."

ನಿನ್ನ ಮಾವ ಕಟ್ಟುಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ನಡೆದು ಬಂದದ್ದನ್ನು ನೀನು ನೋಡಬೇಕಿತ್ತು. ದಾರಿಯಲ್ಲಿ ಸಿಕ್ಕಿದವರೆಲ್ಲಾ ನಿಂತು ನೋಡಿದರು. ಪೋಸ್ಟ್ ಮಾಸ್ತರರ ಹೆಂಡತಿ ಕಿಟಕಿಯಿಂದಲೇ, "ಏನಪ್ಪಾ, ನಿನ್ನ ಹೆಸರು ಬಂತಾ ಕೊನೆಗೂ?" ಅಂದಳು. "ಬಂತು ತಾಯಿ, ಒಂದಲ್ಲ ಹತ್ತು ಕಡೆ ಬಂದಿದೆ, ನಾಚಿಕೆ ಆಗಿ ಎಲ್ಲಾ ಕೊಂಡುಬಿಟ್ಟೆ" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಅಂಗಡಿಯ ಬಾಗಿಲು ಹಾಕಿಕೊಂಡು ಒಂದನ್ನು ಬಿಡಿಸಿದೆ. ಆರನೇ ಪುಟ, ಮೂರನೇ ಸಾಲು. ನಿನ್ನ ಹೆಸರು, ನನ್ನ ಭಾವನ ಹೆಸರು, ಟೈರು ಅಂಗಡಿಯ ಬೀದಿ, ಬಾಗಿಲ ನಂಬರು. ಮೂರು ವರ್ಷದಿಂದ ನಾನು ಕೇಳಬಾರದು ಎಂದು ಕೇಳದೆ ಇದ್ದ ನಂಬರು. ಬಹಳ ಹೊತ್ತು ನೋಡುತ್ತಾ ಕೂತೆ. ಆಮೇಲೆ ಎಲ್ಲವನ್ನೂ ಒಲೆಗೆ ಹಾಕಿದೆ. ಶಾಯಿಯ ವಾಸನೆ ಇನ್ನೂ ಮನೆಯಲ್ಲಿದೆ.

ಈ ಊರಿಗೆ ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಒಬ್ಬನಿಗೂ ಗೊತ್ತಿಲ್ಲ. ಇವತ್ತು ನಿಶ್ಚಿಂತೆಯಿಂದ ಬಾಗಿಲಿಗೆ ಬೆನ್ನು ಹಾಕಿ ಊಟ ಮಾಡು.

ನಿನ್ನ,
ಪತ್ರಿಕಾ ಸಂಹಾರಕ ಮಾವ


ಆಗಸ್ಟ್ ೮

ಮಾವ,

ಇದು ಯಜಮಾನರ ಕೈಯಿಂದ ಬರುತ್ತದೆ. ಮೇಲೆ ಊರು ಬರೆದಿಲ್ಲ, ಹುಡುಕಬೇಡ.

ಮಂಗಳವಾರ ಅವನ ಲಾರಿ ಟೈರು ಅಂಗಡಿಯ ಮುಂದೆ ನಿಂತಿತು. ನಾನು ಬಾಗಿಲ ಹಿಂದೆ ಬಂದೂಕು ಹಿಡಿದು ನಿಂತೆ. ಅವನು ಮೆಟ್ಟಿಲು ಹತ್ತಲಿಲ್ಲ. ಅವನಿಗೆ ನನ್ನ ಬಾಗಿಲ ನಂಬರೂ ಗೊತ್ತು, ಒಳಗೆ ಬಂದೂಕಿರುವುದೂ ಗೊತ್ತು, ಎರಡೂ ಒಂದೇ ಸಾಲಿನಲ್ಲಿ ಇತ್ತಲ್ಲ. ಅವನಿಗೆ ಅವಸರವಿರಲಿಲ್ಲ. ಲಾರಿಯೊಳಗೇ ಊಟ ಮಾಡಿದ. ಟೈರಿಗೆ ಗಾಳಿ ಹಾಕಿಸಿದ. ಅಂಗಡಿಯವರ ಜೊತೆ ನಗುತ್ತಾ ಮಾತಾಡಿದ. ನಾನು ಯಾವತ್ತಾದರೂ ಇಳಿಯಲೇಬೇಕಲ್ಲ.

ಪೊಲೀಸರನ್ನು ಕರೆದೆ. ಬಂದು ನೋಡಿದರು. ಬೀದಿಯಲ್ಲಿ ಲಾರಿ ನಿಲ್ಲಿಸುವುದು ಅಪರಾಧವಲ್ಲ ಅಂದರು. ಮನೆಯಲ್ಲಿ ಬಂದೂಕು ಇದೆಯಲ್ಲ, ಜೋಪಾನ ಅಂತ ನನಗೇ ಹೇಳಿ ಹೋದರು. ಮನೆಯೊಡತಿ ಮೆಟ್ಟಿಲ ಕೆಳಗೆ ನಿಂತು, "ನಿನ್ನ ಕೈಯಲ್ಲಿ ಟೀ ಕುಡಿದೆನಲ್ಲಮ್ಮಾ" ಅಂದರು. ಅವರೇ ನನಗೆ ಟೀ ಕೊಟ್ಟಿದ್ದು. 

ಎರಡು ದಿನ ಒಳಗೇ ಇದ್ದೆ. ಗುರುವಾರ ಯಜಮಾನರು ಹಿಂದಿನ ಕಿಟಕಿಗೆ ಏಣಿ ಹಾಕಿಸಿದರು, ಇಳಿದೆ. ನೇರವಾಗಿ ಠಾಣೆಗೆ ಹೋಗಿ ಬಂದೂಕು, ಲೈಸೆನ್ಸ್ ಎರಡನ್ನೂ ಒಪ್ಪಿಸಿದೆ. ಇಟ್ಟುಕೊಂಡಿದ್ದರೆ ಹೊಸ ವಿಳಾಸ ಕೊಡಬೇಕಾಗಿತ್ತು. ರಸೀದಿ ಕೊಟ್ಟರು. ಅದರ ಮೇಲೂ ವಿಳಾಸದ ಜಾಗವಿತ್ತು, ಖಾಲಿ ಬಿಡಿ ಎಂದು ಬೇಡಿಕೊಂಡೆ.

ಈಗಿರುವ ಊರಿನಲ್ಲಿ ನನ್ನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಡಬ್ಬಿಯೂ ಇಲ್ಲ. ಚಿಲಕ ಬಿಚ್ಚಿ ತರಲು ಆಗಲಿಲ್ಲ.

ನಿನಗೂ ವಿಳಾಸ ಹೇಳುವುದಿಲ್ಲ. ನಿನಗೆ ಹೇಳಿದರೆ ಅವನು ನಿನ್ನನ್ನು ಕೇಳುತ್ತಾನೆ. ಯಜಮಾನರಿಗೆ ಬರೆದರೆ ಅವರು ಹೇಗೋ ತಲುಪಿಸುತ್ತಾರೆ.

ನೀನು ಎಲ್ಲವನ್ನೂ ಕೊಂಡಿದ್ದೆಯಲ್ಲ, ಅವನಿಗೆ ಪತ್ರಿಕೆ ಎಲ್ಲಿ ಸಿಕ್ಕಿತೋ! ಪರ ಊರಿನಿಂದ ಯಾರೋ ತಂದಿರಬೇಕು. ನಿನ್ನ ತಪ್ಪಲ್ಲ. ನನಗಾಗಿ ಎಷ್ಟು ಕಳೆದುಕೊಂಡೆ ಅಂತ ಹೇಳು ಮಾವ, ನಿಜವಾದ ಲೆಕ್ಕ. ಮೊದಲ ಸಂಬಳದಲ್ಲಿ ಕಳಿಸುತ್ತೇನೆ.

ಪುಟ್ಟಿ


ಆಗಸ್ಟ್ ೩೦, ಭಾನುವಾರ

ಪುಟ್ಟಿಗೆ,

ಲಾರಿ ಈಗ ನಮ್ಮ ಬೀದಿಯಲ್ಲಿದೆ. ಅಂಗಡಿಯ ಎದುರಿಗೇ. ದಿನಾ ಬೆಳಿಗ್ಗೆ ಬರುತ್ತಾನೆ, ಬಾನೆಟ್ಟಿಗೆ ಒರಗಿಕೊಂಡು ನನ್ನನ್ನೇ ನೋಡುತ್ತಾ ನಿಲ್ಲುತ್ತಾನೆ. ನಾನು ಅಂಚೆ ಕಚೇರಿಗೆ ಹೋದರೆ ಅವನೂ ಅಂಚೆ ಕಚೇರಿಗೆ. ಬಸ್ ನಿಲ್ದಾಣಕ್ಕೆ ಹೋದರೆ ಅವನೂ ಅಲ್ಲಿಗೆ. ಒಂದು ದಿನ ಅಂಗಡಿಯ ಒಳಗೇ ಬಂದು ಒಂದು ಬೀಗ ಎತ್ತಿಕೊಂಡು ಕಟಕ್ ಎಂದು ಮುಚ್ಚಿದ. "ಇದೇ ಅಲ್ವಾ ಮಾವ?" ಅಂದ. ನನ್ನನ್ನು ಮಾವ ಅಂದ. ಬೀಗಕ್ಕೆ ದುಡ್ಡು ಕೊಟ್ಟು ತೆಗೆದುಕೊಂಡು ಹೋದ.

ಅದಕ್ಕೇ ಈ ಕಾಗದ ಹಾಕಲು ಇಷ್ಟು ದಿನವಾಯಿತು. ಪೋಸ್ಟ್ ಮಾಸ್ತರರ ಹೆಂಡತಿ ತನ್ನ ಮಗಳಿಗೆ ಬರೆಯುವ ಕಾಗದದೊಳಗೆ ಇದನ್ನು ಇಟ್ಟು ಕಳಿಸುತ್ತೇನೆ ಎಂದಿದ್ದಾಳೆ. ಏನು ಎಂದು ಕೇಳಲಿಲ್ಲ. ಮಗಳು ಅಲ್ಲಿಂದ ನಿಮ್ಮ ಯಜಮಾನರಿಗೆ ಹಾಕುತ್ತಾಳೆ. ನೀನು ವಿಳಾಸ ಹೇಳದೆ ಇದ್ದದ್ದು ಒಳ್ಳೆಯದಾಯಿತು. ನನ್ನ ಬಾಯಿ ಎಂಥದ್ದು ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

ಲೆಕ್ಕ ಕೇಳಿದೆ. ಊರಿನವರಿಗೆ ನಾನು ಹೇಳಿರುವ ಲೆಕ್ಕವೇ ಬೇರೆ. ಐವತ್ತು ಸಾವಿರ ಸುಟ್ಟೆ ಎಂದು ಕ್ಷೌರದ ಅಂಗಡಿಯಲ್ಲಿ ಹೇಳಿದ್ದೇನೆ. ಪೇಪರ್ ಏಜೆಂಟ್ ಅಲ್ಲೇ ಇದ್ದ. ಅವನಿಗೆ ಗೊತ್ತು.

ಆ ಶನಿವಾರ ಬಸ್ಸಿನಿಂದ ಇಳಿದದ್ದು ಇನ್ನೂರು ಪ್ರತಿ. ಎಂದಿಗಿಂತ ಆ ದಿನ ಜಾಸ್ತಿಯೇ ಬಂದಿತ್ತು. ನಾನು ಜೇಬಿನಲ್ಲಿದ್ದದ್ದನ್ನೆಲ್ಲಾ ಹಲಗೆಯ ಮೇಲೆ ಸುರಿದೆ. ಅವನು ಎಣಿಸಿದ. ನೂರ ಅರವತ್ತು ಪ್ರತಿಗೆ ಸರಿಹೋಯಿತು. ಉಳಿದ ನಲವತ್ತನ್ನು ನಾಳೆ ದುಡ್ಡು ಕೊಡುತ್ತೇನೆ, ಈಗ ಕೊಡು ಎಂದೆ.

"ಯಾಕ್ರೀ ಅಷ್ಟು ಅರ್ಜೆಂಟು?"

ಸುತ್ತ ಇಬ್ಬರು ಮೂವರು ಇದ್ದರು. ಆದರೂ ಅವನ ಕಿವಿಯ ಹತ್ತಿರ ಹೋಗಿ ಹೇಳಿದೆ, "ಒಬ್ಬ ಹೆಣ್ಣುಮಗಳ ಜೀವದ ಪ್ರಶ್ನೆ ಕಣೋ."

ಅವನು ನನ್ನ ಬೆನ್ನು ತಟ್ಟಿದ. "ಇದು ಚೆನ್ನಾಗಿದೆ," ಅಂದ. "ಹಂದಿದಕ್ಕಿಂತ ಚೆನ್ನಾಗಿದೆ. ಆಮೇಲೆ ಏನಾಯ್ತು ಹೇಳಿ." ನಾನು ಅವನ ಕೈ ಹಿಡಿದುಕೊಂಡೆ ಪುಟ್ಟಿ. ಕಾಲು ಹಿಡಿಯಲೂ ಬಗ್ಗಿದೆ. ಅವನು ನಗುತ್ತಲೇ ಇದ್ದ, ನಿಂತಿದ್ದವರೂ ನಕ್ಕರು. ನಾನು ಅಳುವುದನ್ನೂ ಅಷ್ಟು ಚೆನ್ನಾಗಿ ಅಭಿನಯಿಸುತ್ತೇನೆ ಎಂದು ಯಾರೋ ಅಂದರು.

ನಲವತ್ತು ಅಲ್ಲೇ ಉಳಿಯಿತು. ನೀನು ಹೇಳಿದ್ದು ಸರಿ, ಇನ್ನೊಂದು ಊರಿನ ಪಟ್ಟಿಯನ್ನು ಇಲ್ಲಿ ಯಾರೂ ಓದುತ್ತಿರಲಿಲ್ಲ. ಆದರೆ ಈಡುಗಾರ ಕಟ್ಟುಗಟ್ಟಲೆ ಕೊಂಡು ಹೋದ ಪೇಪರಿನಲ್ಲಿ ಅಂಥದ್ದೇನಿದೆ ಎಂದು ಊರಿಗೆಲ್ಲಾ ಕುತೂಹಲ. ನಲವತ್ತೂ ಕ್ಷಣದಲ್ಲಿ ಹೋದವು. ಕ್ಷೌರದ ಅಂಗಡಿಯಲ್ಲಿ ಗುಂಪು ಸೇರಿ ನನ್ನ ಹೆಸರು ಎಲ್ಲಿದೆ ಎಂದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬ ಗಟ್ಟಿಯಾಗಿ ಓದಿದನಂತೆ, ಪಟ್ಟಿಯ ಒಂದು ಹೆಸರನ್ನೂ ಬಿಡದೆ. ಲಾರಿ ಕುರ್ಚಿಯಲ್ಲಿ ಕೂತಿದ್ದ, ಒಂದು ಕೆನ್ನೆಗೆ ಸೋಪು ಹಚ್ಚಿತ್ತು. ಆರನೇ ಪುಟದ ಮೂರನೇ ಸಾಲು ಬಂದಾಗ, "ಅದನ್ನ ಇನ್ನೊಂದು ಸಲ ಓದು" ಅಂದನಂತೆ.

ಒಂದನ್ನೂ ಕೊಳ್ಳದಿದ್ದರೆ ಯಾರೂ ಓದುತ್ತಿರಲಿಲ್ಲ. ಎಲ್ಲವನ್ನೂ ಕೊಂಡಿದ್ದರೆ ಓದಲು ಸಿಗುತ್ತಿರಲಿಲ್ಲ.

ಕಳಿಸುವುದು ಬೇಡ. ನನ್ನ ಜೇಬಿನಲ್ಲಿ ಇದ್ದದ್ದು, ನಾನು ಕಳೆದದ್ದು ಒಟ್ಟು ಆರುನೂರ ನಲವತ್ತು. ಬೇಕಾಗಿದ್ದದ್ದು ಎಂಟುನೂರು.

ಮಾವ